ದೊರೆಯ ಪರವಾಗಿ, ರಟ್ಲಂಡಿನಲ್ಲಿ

ಇಂಗ್ಲೆಂಡಿನ ನಡುಭಾಗದಲ್ಲಿ ಲೆಸ್ಟರ್‌ಶೈರ್, ಲಿಂಕನ್‌ಶೈರ್, ನಾರ್ತಾಂಪ್ಟನ್‌ಶೈರ್ ಎಂಬ ದೊಡ್ಡ ಕೌಂಟಿಗಳ ಮಧ್ಯೆ ರಟ್ಲಂಡ್ ಎಂಬ ಪುಟ್ಟ ಕೌಂಟಿಯೊಂದಿದೆ. ವಿಸ್ತೀರ್ಣ ಸುಮಾರು 382 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಸಿಕ್ಕ ತಲೆಗಳು 41,000ದಷ್ಟು. ಪೇಟೆ ಎನ್ನಬಹುದಾದ ಊರುಗಳು ಎರಡೇ, ಓಕಮ್ ಮತ್ತು ಅಪ್ಪಿಂಗಮ್. ಉಳಿದದ್ದೆಲ್ಲ ಹಳ್ಳಿ, ಹುಲ್ಲುಗಾವಲು, ಕುರಿಮಂದೆ. ಜೊತೆಗೆ 1970ರ ದಶಕದಲ್ಲಿ ಕಣಿವೆಗೆ ಒಡ್ಡು ಕಟ್ಟಿ ಮಾಡಿದ ಒಂದು ಭಾರೀ ಜಲಾಶಯ. 1974ರ ಏಪ್ರಿಲ್ 1ರಂದು ಸರ್ಕಾರ ಈ ಕೌಂಟಿಯನ್ನು ಅಳಿಸಿ ಲೆಸ್ಟರ್‌ಶೈರಿಗೆ ಸೇರಿಸಿತು. ಜನ ಮನಸಾರೆ ಒಪ್ಪಲೇ ಇಲ್ಲ. 23 ವರ್ಷಗಳ ನಂತರ, 1997ರ ಏಪ್ರಿಲ್ 1ರಂದು, ಕೌಂಟಿ ಅವರ ಕೈಗೆ ಮರಳಿ ಬಂತು. ಅದರ ಬೆನ್ನಿಗೇ ಹಳೆಯ ಪದವಿಯೊಂದೂ ಬಂತು: ಲಾರ್ಡ್ ಲೆಫ್ಟಿನೆಂಟ್.

ಕೌಂಟಿಯಲ್ಲಿ ದೊರೆಯ ಪ್ರತಿನಿಧಿಯಾಗಿ ನಿಲ್ಲುವವರು ಇವರು. ಬ್ರಿಟನ್ನಿನಾದ್ಯಂತ ಇಂಥವರು ಸುಮಾರು ನೂರು ಮಂದಿ. ಪ್ರಧಾನಿಯ ಸಲಹೆಯಂತೆ ದೊರೆ ನೇಮಿಸುತ್ತಾರೆ. ಸಂಬಳವಿಲ್ಲ. 75 ತುಂಬಿದರೆ ನಿವೃತ್ತಿ. ಪದವಿಯಲ್ಲಿ ಇರುವಷ್ಟು ಕಾಲ ಪಕ್ಷ ರಾಜಕೀಯದಿಂದ ದೂರ ಇರಬೇಕು. ಗಂಡಸರಾದರೆ ಕಡುನೀಲಿ ಸಮವಸ್ತ್ರ, ಪ್ಯಾಂಟಿನ ಬದಿಗೆ ಕೆಂಪು ಪಟ್ಟಿ, ಸೊಂಟದಲ್ಲಿ ಖಡ್ಗ. ನೋಡಿದೊಡನೆ ಸೇನೆಯ ಜನರಲ್ ಇರಬೇಕು ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಜನರಲ್ಲಿಗೆ ಚಿನ್ನದ ಕಸೂತಿ ಇರುವಲ್ಲಿ ಇವರಿಗೆ ಬೆಳ್ಳಿಯದು. ಹೆಂಗಸರು ಸಾಮಾನ್ಯವಾಗಿ ತಮ್ಮದೇ ಉಡುಪಿನ ಮೇಲೆ ರಿಬ್ಬನ್ನಿನ ಗಂಟಿಗೆ ಪದವಿಯ ಲಾಂಛನ ತೊಡುತ್ತಾರೆ. ಖಡ್ಗ ಏಕೆ ಎಂದು ಕೇಳಿದರೆ ಉತ್ತರಕ್ಕೆ ಟ್ಯೂಡರರ ಕಾಲಕ್ಕೇ ಹೋಗಬೇಕು.

ಅದಕ್ಕೂ ಮುಂಚೆ ಶತಮಾನಗಳ ಕಾಲ ಕೌಂಟಿಯ ಗಂಡಾಳುಗಳನ್ನು ಯುದ್ಧಕ್ಕೆ ಕೂಡಿಸುವ ಹೊಣೆ ಶೆರಿಫನದಾಗಿತ್ತು. ಎಂಟನೇ ಹೆನ್ರಿಯ ಕೊನೆಯ ವರ್ಷಗಳಲ್ಲಿ ಆ ಹೊಣೆಯನ್ನು ಅವನಿಂದ ಕಿತ್ತು, ದೊರೆಯ ನಂಬಿಕೆಯ ಶ್ರೀಮಂತರಿಗೆ ಕೊಡುವ ಪದ್ಧತಿ ಶುರುವಾಯಿತು. ಮೊದಮೊದಲು ಇದು ತಾತ್ಕಾಲಿಕ ನೇಮಕ. ಗಲಭೆಯೋ ದಾಳಿಯ ಭಯವೋ ಇದ್ದಾಗ ಮಾತ್ರ. 1585ರಿಂದ ಸ್ಪೇನಿನ ಜೊತೆ ಹಗೆ ಬಿಗಿಯಾದಾಗ ಎಲಿಜಬೆತ್ ರಾಣಿ ಹೆಚ್ಚುಕಡಿಮೆ ಎಲ್ಲ ಕೌಂಟಿಗಳಿಗೂ ಲೆಫ್ಟಿನೆಂಟರನ್ನು ನೇಮಿಸಿದಳು. ಹದಿನಾರರಿಂದ ಅರವತ್ತರವರೆಗಿನ ಗಂಡಸರ ಪಟ್ಟಿ ಮಾಡುವುದು, ಅವರವರ ಆಸ್ತಿಗೆ ತಕ್ಕಂತೆ ಯಾರು ಕವಚ ತರಬೇಕು, ಯಾರು ಈಟಿ ತರಬೇಕು ಎಂದು ನಿಗದಿ ಮಾಡುವುದು, ಗುಡ್ಡದ ಮೇಲೆ ಎಚ್ಚರಿಕೆಯ ಬೆಂಕಿಗೆ ಸೌದೆ ಒಟ್ಟಿಸುವುದು ಇವರ ಕೆಲಸ. ಹಳ್ಳಿಗೆ ಹೋಗಿ ತಲೆ ಎಣಿಸುವ ದುಡಿಮೆ ಮಾತ್ರ ಡೆಪ್ಯುಟಿ ಲೆಫ್ಟಿನೆಂಟರದು. ಸಣ್ಣ ಕೌಂಟಿಗೆ ಬೇರೆ ಯಜಮಾನ ಏಕೆ ಎಂದು ರಟ್ಲಂಡನ್ನು ಲೆಸ್ಟರ್‌ಶೈರಿನ ಜೊತೆ ಒಬ್ಬನ ಕೈಗೇ, ಹಂಟಿಂಗ್ಡನ್ನಿನ ಅರ್ಲ್‌ಗೆ, ಒಪ್ಪಿಸಿದ್ದರು. 1974ರ ಕಥೆ ಹೊಸದೇನಲ್ಲ.

ಈ ಪದವಿಗಿದ್ದ ತೂಕ ಎಷ್ಟೆಂದರೆ, ಲೆಫ್ಟಿನೆಂಟರನ್ನು ನೇಮಿಸುವವರು ಯಾರು ಎಂಬ ಜಗಳವೇ ದೇಶವನ್ನು ಅಂತರ್ಯುದ್ಧದ ಹೊಸ್ತಿಲಿಗೆ ತಂದಿತು. 1642ರ ಮಾರ್ಚಿನಲ್ಲಿ ಪಾರ್ಲಿಮೆಂಟು ದೊರೆ ಒಂದನೇ ಚಾರ್ಲ್ಸ್‌ನ ಒಪ್ಪಿಗೆಗೆ ಕಾಯದೆ ತಾನೇ ಲೆಫ್ಟಿನೆಂಟರನ್ನು ಹೆಸರಿಸಿತು. ದೊರೆ ತನ್ನವರಿಗೆ ಬೇರೆಯೇ ಸನ್ನದು ಕೊಟ್ಟ. ಒಂದೇ ಕೌಂಟಿಯಲ್ಲಿ ಇಬ್ಬರು ಬಂದು ಸಿಪಾಯಿಗಿರಿಗೆ ಕರೆದಾಗ ರೈತ ಯಾರ ಮಾತು ಕೇಳಬೇಕು? ಆ ವರ್ಷದ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಯುದ್ಧದ ಕೊನೆಗೆ ಅಳಿದಿದ್ದ ರಾಜಪದವಿ ಮರಳಿ ಬಂದ ಮೇಲೆ, 1660ರ ದಶಕದ ಕಾಯ್ದೆಗಳು ಕೌಂಟಿ ದಂಡಿನ ಅಧಿಕಾರವನ್ನು ದೊರೆಯ ಲೆಫ್ಟಿನೆಂಟರಿಗೇ ಭದ್ರಪಡಿಸಿದವು. ಊರಿನ ಮ್ಯಾಜಿಸ್ಟ್ರೇಟರು ಯಾರಾಗಬೇಕು ಎಂಬ ಶಿಫಾರಸೂ ಸಾಮಾನ್ಯವಾಗಿ ಅವರಿಂದಲೇ ಹೋಗುತ್ತಿತ್ತು. ದಂಡು, ನ್ಯಾಯ ಎರಡೂ ಒಂದೇ ಬಂಗಲೆಯ ಅಂಗಳದಲ್ಲಿ.

ಹಳ್ಳಿಯವರಿಗೆ ಈ ಪದವಿ ಹೇಗೆ ಕಂಡಿತು ಎಂಬುದನ್ನು ಕೌಂಟಿ ದಂಡಿನ ಬಗೆಗಿನ 1757ರ ಮಿಲಿಷಿಯಾ ಕಾಯ್ದೆ ಹೇಳುತ್ತದೆ. ಪ್ಯಾರಿಷ್ ಪ್ಯಾರಿಷ್‌ನಲ್ಲಿ ಗಂಡಸರ ಹೆಸರು ಬರೆದು ಚೀಟಿ ಎತ್ತುವುದು. ಹೆಸರು ಬಂದವನು ಮೂರು ವರ್ಷ ಸೇವೆ ಮಾಡಬೇಕು, ಇಲ್ಲವೇ ಬದಲಿ ಆಳು ಕೊಡಬೇಕು. ರಟ್ಲಂಡಿನ ಪಾಲಿಗೆ ಬಂದದ್ದು 120 ಆಳು. ಕಾಸಿದ್ದವನು ಬದಲಿ ಆಳಿಗೆ ದುಡ್ಡು ಕೊಟ್ಟು ಮನೆಯಲ್ಲುಳಿದ, ಕೂಲಿಯವನು ಹೋಗಬೇಕಾಯಿತು. ಪಕ್ಕದ ಲಿಂಕನ್‌ಶೈರಿನಲ್ಲಿ ಜನ ದಂಗೆಯೆದ್ದರು. ಆ ಸಿಟ್ಟು ನ್ಯಾಯವಾದದ್ದೇ.

ರಟ್ಲಂಡಿನ ಲಾರ್ಡ್ ಲೆಫ್ಟಿನೆಂಟರ ಸಾಲಿನಲ್ಲಿ ನನಗೆ ತುಂಬ ಹಿಡಿಸುವವನು ವಿಂಚಿಲ್ಸಿಯ ಒಂಬತ್ತನೇ ಅರ್ಲ್, ಜಾರ್ಜ್ ಫಿಂಚ್. 1779ರಿಂದ 1826ರಲ್ಲಿ ಸಾಯುವವರೆಗೂ ಪದವಿ ಅವನದೇ. ಓಕಮ್ ಹತ್ತಿರದ ಬರ್ಲಿ ದಿಬ್ಬದ ಮೇಲೆ ಅವನ ಬಂಗಲೆ. ಕ್ರಿಕೆಟ್ ಬಲ್ಲ ಓದುಗರಿಗೆ ಅವನ ಪರಿಚಯ ಇನ್ನೊಂದು ದಾರಿಯಿಂದ ಇರಬೇಕು. ಥಾಮಸ್ ಲಾರ್ಡ್ ಎಂಬಾತ ಲಂಡನ್ನಿನಲ್ಲಿ ಆಟದ ಮೈದಾನ ತೆರೆಯಲು ಹೊರಟಾಗ, ನಷ್ಟವಾದರೆ ನಾವಿದ್ದೇವೆ ಎಂದು ಧೈರ್ಯ ಕೊಟ್ಟ ಇಬ್ಬರಲ್ಲಿ ಇವನೊಬ್ಬ. 1787ರಲ್ಲಿ ಹುಟ್ಟಿದ ಎಂಸಿಸಿಯ ಮೂಲಪುರುಷರಲ್ಲೂ ಇವನಿದ್ದಾನೆ. ಬರ್ಲಿಯಲ್ಲೇ ದೊಡ್ಡ ಪಂದ್ಯಗಳನ್ನು ಆಡಿಸಿದ. ನನ್ನ ಮೆಚ್ಚುಗೆ ಅದಕ್ಕಲ್ಲ. ಊರೊಟ್ಟಿನ ಗೋಮಾಳಗಳಿಗೆ ಬೇಲಿ ಬಿದ್ದು ಕೂಲಿಗಳು ಹಸು ಮೇಯಿಸಲೂ ಜಾಗವಿಲ್ಲದೆ ಕಂಗೆಟ್ಟಿದ್ದ ಕಾಲ ಅದು. 1796ರಲ್ಲಿ ಅವನು ಕೃಷಿ ಮಂಡಳಿಗೆ ಪತ್ರ ಬರೆದು, ಕೂಲಿಯವರಿಗೆ ತುಂಡು ಜಮೀನನ್ನು ಗೇಣಿಗೆ ಕೊಡಬೇಕೆಂದು ವಾದಿಸಿದ. ರಟ್ಲಂಡಿನ ತನ್ನ ಜಮೀನಿನಲ್ಲಿ ಒಂದರಿಂದ ನಾಲ್ಕು ಹಸು ಸಾಕಿಕೊಂಡಿದ್ದ ಕೂಲಿ ಕುಟುಂಬಗಳನ್ನೇ ಅದಕ್ಕೆ ಸಾಕ್ಷಿಯಾಗಿ ಕೊಟ್ಟ. ಹಸು ಇರುವ ಮನೆಯಲ್ಲಿ ಮಕ್ಕಳಿಗೆ ಹಾಲು ಇರುತ್ತದೆ, ಪ್ಯಾರಿಷ್‌ನ ದಾನಕ್ಕೆ ಕೈಯೊಡ್ಡುವ ಗತಿ ಬರುವುದಿಲ್ಲ. ದೊಡ್ಡ ಜಮೀನ್ದಾರನೊಬ್ಬ ಇಷ್ಟನ್ನು ಕಂಡದ್ದು, ಕಂಡದ್ದನ್ನು ಬರೆದದ್ದು ಸಣ್ಣ ಸಂಗತಿಯಲ್ಲ.

ಅವನ ಮಾತನ್ನು ಕೇಳಿದವರು ಕಡಿಮೆ. 1830ರಲ್ಲಿ ದಕ್ಷಿಣದ ಕೌಂಟಿಗಳ ಕೂಲಿಗಳು ಒಕ್ಕಣೆ ಯಂತ್ರಗಳನ್ನು ಒಡೆದು, ಕೂಲಿ ಹೆಚ್ಚಿಸಿ ಎಂದು ಬೀದಿಗಿಳಿದರು. ಆಗ ಹ್ಯಾಂಪ್‌ಶೈರಿನ ಲಾರ್ಡ್ ಲೆಫ್ಟಿನೆಂಟ್ ಯಾರೆಂದರೆ ನಮ್ಮ ನೆಲ ಚೆನ್ನಾಗಿ ಬಲ್ಲ ಆರ್ಥರ್ ವೆಲ್ಲೆಸ್ಲಿ, ಅಂದರೆ ವೆಲಿಂಗ್ಟನ್ ಡ್ಯೂಕ್. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿ ದರಿಯಾ ದೌಲತ್‌ನಲ್ಲಿ ಬೀಡುಬಿಟ್ಟಿದ್ದವನು, ಮರುವರ್ಷ ದೋಂಡಿಯಾ ವಾಘನನ್ನು ಬೆನ್ನಟ್ಟಿ ಮುಗಿಸಿದವನು. 1830ರ ನವೆಂಬರಿನಲ್ಲಿ ಪ್ರಧಾನಿ ಪಟ್ಟ ಬಿಟ್ಟವನು ತನ್ನ ಕೌಂಟಿಗೆ ಹೋಗಿ ದಂಗೆ ಅಡಗಿಸುವುದಕ್ಕೆ ನಿಂತ. ವಿಂಚೆಸ್ಟರಿನ ವಿಶೇಷ ನ್ಯಾಯಾಲಯದ ಪೀಠದಲ್ಲೂ ಕೂತ. ನೂರಾರು ಬಡವರ ವಿಚಾರಣೆಯಾಗಿ ಹಲವರನ್ನು ಹಡಗು ಹತ್ತಿಸಿ ದೇಶ ಬಿಡಿಸಿದರು. 1831ರ ಜನವರಿಯಲ್ಲಿ ಇಬ್ಬರನ್ನು ಗಲ್ಲಿಗೇರಿಸಿದರು. ಬರ್ಲಿಯಲ್ಲಿ ಹಸು, ವಿಂಚೆಸ್ಟರಿನಲ್ಲಿ ನೇಣು. ಎರಡೂ ಒಂದೇ ಪದವಿಯ ಚರಿತ್ರೆ. ಈ ಎರಡನೆಯದನ್ನು ಮುಚ್ಚಿಟ್ಟು ಪದವಿಯ ಗುಣಗಾನ ಮಾಡುವುದು ತಪ್ಪಾಗುತ್ತದೆ.

ಅಧಿಕಾರ ಕಳಚಿದ್ದು 1871ರಲ್ಲಿ. ಸೇನೆಯನ್ನು ಸುಧಾರಿಸುವ ಕಾಯ್ದೆಯೊಂದು ಮಿಲಿಷಿಯಾವನ್ನು ಲೆಫ್ಟಿನೆಂಟರ ಕೈಯಿಂದ ತೆಗೆದು ಯುದ್ಧ ಖಾತೆಗೆ ಕೊಟ್ಟಿತು. 1907ರ ಕಾಯ್ದೆ ಕೌಂಟಿಯ ಟೆರಿಟೋರಿಯಲ್ ಸೇನಾ ಸಂಘಗಳ ಅಧ್ಯಕ್ಷತೆ ಕೊಟ್ಟು ಸ್ವಲ್ಪ ಸಮಾಧಾನ ಮಾಡಿತು. 1975ರಲ್ಲಿ ವೆಸ್ಟ್ ಸಸೆಕ್ಸ್‌ಗೆ ನಾರ್ಫೋಕ್‌ನ ಡಚೆಸ್ ಲವೀನಿಯಾ ನೇಮಕವಾದಾಗ ಮೊದಲ ಬಾರಿಗೆ ಮಹಿಳೆಯೊಬ್ಬರು ಈ ಸ್ಥಾನಕ್ಕೆ ಬಂದರು. ರಟ್ಲಂಡ್ ತನ್ನ ಪದವಿಯನ್ನು ಮರಳಿ ಪಡೆದಾಗ ಬಂದ ಮೊದಲಿಗರು ವಾಯುಪಡೆಯ ನಿವೃತ್ತ ಏರ್ ಚೀಫ್ ಮಾರ್ಷಲ್ ಸರ್ ಥಾಮಸ್ ಕೆನಡಿ, ಅವರ ನಂತರ ಲಾರೆನ್ಸ್ ಹೊವಾರ್ಡ್, 2018ರಲ್ಲಿ ಡಾ. ಸಾರಾ ಫರ್ನೆಸ್. ಅರ್ಲ್ ಆಗಿ ಹುಟ್ಟಬೇಕಾದ ಅಗತ್ಯ ಈಗಿಲ್ಲ.

ರಾಜಮನೆತನಕ್ಕೆ ರಟ್ಲಂಡಿನಲ್ಲಿ ಸಲ್ಲುವ ಮರ್ಯಾದೆಗೂ ಒಂದು ವಿಶೇಷವಿದೆ. ಓಕಮ್ ಕೋಟೆಯಲ್ಲಿ ಈಗ ಉಳಿದಿರುವುದು ಹನ್ನೆರಡನೇ ಶತಮಾನದ ಕೊನೆಯಲ್ಲಿ ಕಟ್ಟಿದ ಸಭಾಗೃಹ. ಶ್ರೀಮಂತ ಪದವಿಯವರೋ ರಾಜಮನೆತನದವರೋ ಮೊದಲ ಸಲ ಊರಿಗೆ ಬಂದರೆ ಕುದುರೆ ಲಾಳವೊಂದನ್ನು ಕಾಣಿಕೆ ಕೊಡಬೇಕು ಎಂಬುದು ಅಲ್ಲಿನ ಕಟ್ಟಳೆ. ಗೋಡೆ ತುಂಬ 200ಕ್ಕೂ ಹೆಚ್ಚು ಲಾಳಗಳಿವೆ. ಹೆಚ್ಚಿನವು ಯಾವ ಕುದುರೆಯ ಕಾಲಿಗೂ ಆಗದಷ್ಟು ದೊಡ್ಡವು, ಮೇಲೆ ಕಿರೀಟ, ಬಣ್ಣ, ಕೊಟ್ಟವರ ಹೆಸರು. ಹಳೆಯದು ನಾಲ್ಕನೇ ಎಡ್ವರ್ಡ್‌ನದೆಂದು ಹೇಳುತ್ತಾರೆ. ಎರಡನೇ ಎಲಿಜಬೆತ್ ರಾಣಿ 1967ರಲ್ಲಿ ಕೊಟ್ಟದ್ದೂ ಇದೆ. ಲಾಳದ ತುದಿಗಳನ್ನು ಕೆಳಮುಖವಾಗಿ ನೇತುಹಾಕುತ್ತಾರೆ. ಮೇಲ್ಮುಖವಾಗಿಟ್ಟರೆ ಆ ಬಾಗಿನಲ್ಲಿ ಸೈತಾನ ಬಂದು ಕೂರುತ್ತಾನಂತೆ.

ಇವತ್ತಿನ ಲಾರ್ಡ್ ಲೆಫ್ಟಿನೆಂಟರ ದಿನಚರಿಯಲ್ಲಿ ದೊರೆ ಬಂದಾಗಿನ ಏರ್ಪಾಟು, ಸ್ವಾಗತ ಒಂದು ಸಣ್ಣ ಭಾಗ. ನವೆಂಬರಿನ ಸ್ಮರಣೆಯ ಭಾನುವಾರ ಯುದ್ಧ ಸ್ಮಾರಕಕ್ಕೆ ಹೂಚಕ್ರ ಇಡುತ್ತಾರೆ. ಬ್ರಿಟಿಷ್ ಎಂಪೈರ್ ಪದಕ ಪಡೆದವರಿಗೆ ಲಂಡನ್ ಅರಮನೆಯ ಬದಲು ಕೌಂಟಿಯಲ್ಲೇ, ನೆರೆಹೊರೆಯವರ ಎದುರು, ಪದಕ ತೊಡಿಸುತ್ತಾರೆ. 2004ರಿಂದ ಹೊಸ ಪೌರರ ಪ್ರಮಾಣವಚನ ಸಮಾರಂಭಗಳಿಗೂ ಇವರೋ ಇವರ ಡೆಪ್ಯುಟಿಯೋ ಬರುತ್ತಾರೆ. ಬೆಂಗಳೂರು, ಮಂಗಳೂರಿನಿಂದ ಹೋಗಿ ಅಲ್ಲೇ ನೆಲೆನಿಂತು ಪೌರತ್ವ ಪಡೆದ ಕನ್ನಡಿಗರಿಗೂ ದೊರೆಯ ಪರವಾಗಿ ಕೈಕುಲುಕಿ ಸ್ವಾಗತ ಹೇಳಿದವರು ಇಂಥವರೇ.

ನನ್ನ ದೃಷ್ಟಿಯಲ್ಲಿ ಪದವಿಗೆ ಈಗ ಅರ್ಥ ಕೊಡುತ್ತಿರುವುದು ಸ್ವಯಂಸೇವೆಗಾಗಿ ಇರುವ ದೊರೆಯ ಪ್ರಶಸ್ತಿ. 2002ರಲ್ಲಿ ರಾಣಿಯ ಆಳ್ವಿಕೆಯ ಸುವರ್ಣ ವರ್ಷಕ್ಕೆಂದು ಶುರುವಾದದ್ದು ಇದು. ಊರಿನ ಗ್ರಂಥಾಲಯ ನಡೆಸುವವರು, ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುವವರು, ಇಂಥ ಗುಂಪುಗಳಿಗೆ ಸಲ್ಲುತ್ತದೆ. ಹೆಸರು ಬಂದ ಗುಂಪನ್ನು ಡೆಪ್ಯುಟಿ ಲೆಫ್ಟಿನೆಂಟರು ಹೋಗಿ ಮಾತಾಡಿಸುತ್ತಾರೆ, ಕೆಲಸ ನಡೆಯುವುದನ್ನು ಕಣ್ಣಾರೆ ನೋಡುತ್ತಾರೆ. ಹಿಂದೆ ಅವರು ಹಳ್ಳಿಗೆ ಬಂದರೆ ಮನೆಯ ಗಂಡಾಳು ಹೋದನೆಂದೇ ಲೆಕ್ಕವಿತ್ತು. ಈಗ ಸಂಬಳವಿಲ್ಲದೆ ದುಡಿಯುವವರ ಹತ್ತಿರ ಸಂಬಳವಿಲ್ಲದೆ ದುಡಿಯುವವರೇ ಬರುತ್ತಾರೆ. ಗೆದ್ದ ಗುಂಪಿಗೆ ದೊರೆಯ ಸಹಿಯಿರುವ ಪತ್ರವನ್ನೂ ಒಂದು ಗಾಜಿನ ಸ್ಮರಣಿಕೆಯನ್ನೂ ಲಾರ್ಡ್ ಲೆಫ್ಟಿನೆಂಟರು ಆ ಊರಿಗೇ ಹೋಗಿ ಕೊಡುತ್ತಾರೆ. ಗುಂಪು ಕನಿಷ್ಠ ಮೂರು ವರ್ಷ ಕೆಲಸ ಮಾಡಿರಬೇಕು. ತಮ್ಮ ಹೆಸರನ್ನು ತಾವೇ ಸೂಚಿಸುವಂತಿಲ್ಲ; ಅವರ ಕೆಲಸವನ್ನು ಬಲ್ಲ ಹೊರಗಿನವರು ಯಾರಾದರೂ ಬರೆದು ಕಳಿಸಬೇಕು.