ಕುತ್ತಿಗೆಯ ಪಟ್ಟಿ ನೋಡಿ ಗಿಳಿಯ ವಯಸ್ಸು ಹೇಳಲಾಗದು

“ಕಣ್ಣು ಬಿಡುವ ಮೊದಲೇ ತಂದು ಕೈಯಾರೆ ಗುಟುಕು ಕೊಟ್ಟರೆ ಮಾತ್ರ ಗಿಳಿ ನಮ್ಮನ್ನು ಹಚ್ಚಿಕೊಳ್ಳುತ್ತದೆ.” ಗಿಳಿ ಸಾಕಲು ಹೊರಟವರಿಗೆ ಮೊದಲು ಸಿಗುವ ಸಲಹೆ ಇದೇ. ಗಿಳಿಮರಿಗಳಿಗೆ ಅತಿ ಹೆಚ್ಚು ಕೇಡು ಮಾಡುತ್ತಿರುವ ನಂಬಿಕೆಯೂ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. ತಾನಾಗಿ ಕಾಳು ತಿನ್ನಲು ಕಲಿತ ಮರಿಯೂ ದಿನಾ ಒಂದಿಷ್ಟು ಹೊತ್ತು ಮನುಷ್ಯರ ನಡುವೆ ಕಳೆದರೆ ಚೆನ್ನಾಗಿಯೇ ಪಳಗುತ್ತದೆ. ಕಾಕಟೀಲ್ ಮರಿ ಗುಟುಕು ಬಿಟ್ಟು ಪೂರ್ತಿ ತಾನೇ ತಿನ್ನುವ ಹೊತ್ತಿಗೆ ಸುಮಾರು 8ರಿಂದ 10 ವಾರ ಕಳೆದಿರುತ್ತದೆ. ಅದಕ್ಕೆ ಮೊದಲೇ ಅನುಭವವಿಲ್ಲದವರ ಕೈಗೆ ಬಂದ ಮರಿಯ ಜೀವ ಪ್ರತಿ ತುತ್ತಿನಲ್ಲೂ ಅಪಾಯದಲ್ಲಿರುತ್ತದೆ.

ಇಲ್ಲಿ ಹೇಳುತ್ತಿರುವುದು ಕಾಕಟೀಲ್, ಬಡ್ಜಿಯಂಥ ಹೊರದೇಶದ ಮೂಲದ ಸಾಕುಹಕ್ಕಿಗಳ ಮಾತು. “ಮನೆಯಲ್ಲಿ ಒಂದೇ ಒಂದು ಹಸಿರು ಗಿಳಿ ಇಟ್ಟುಕೊಂಡರೆ ತಪ್ಪೇನು?” ಎಂದು ಕೇಳುವವರಿದ್ದಾರೆ. ತಪ್ಪೇ. ನಮ್ಮ ಬೀದಿಮರಗಳ ಹಸಿರು ಗಿಳಿ, ಪಶ್ಚಿಮ ಘಟ್ಟದ ನೀಲಿ ರೆಕ್ಕೆಯ ಗಿಳಿ ಎಲ್ಲವೂ 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ ಅಪರಾಧ.

ಆ ಹಸಿರು ಗಿಳಿಯ ಬಗ್ಗೆಯೇ ಇನ್ನೊಂದು ತಪ್ಪು ಕಲ್ಪನೆಯಿದೆ. ಕುತ್ತಿಗೆಯ ಸುತ್ತ ಕಪ್ಪು–ಗುಲಾಬಿ ಪಟ್ಟಿ ಇಲ್ಲದಿದ್ದರೆ ಅದು ಹೆಣ್ಣು, ಇಲ್ಲವೇ ತೀರ ಎಳೆಯ ಮರಿ ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಗಂಡಿಗೆ ಪಟ್ಟಿ ಮೂಡಲು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷ ಬೇಕು. ಆದ್ದರಿಂದ ಪಟ್ಟಿಯಿಲ್ಲದ ಹಕ್ಕಿ ಮೊನ್ನೆ ಗೂಡು ಬಿಟ್ಟದ್ದಾಗಿರಬಹುದು, ಎರಡು ವರ್ಷದ ಗಂಡಾಗಿರಬಹುದು, ಹತ್ತು ವರ್ಷದ ಹೆಣ್ಣೂ ಆಗಿರಬಹುದು.

ಗಾತ್ರ ನೋಡಿ ವಯಸ್ಸು ಹೇಳುವುದೂ ಇಷ್ಟೇ ಮೋಸದ್ದು. ಬಡ್ಜಿ, ಕಾಕಟೀಲ್‌ಗಳು ಮೊಟ್ಟೆಗಳನ್ನು ಒಂದೇ ದಿನ ಇಡುವುದಿಲ್ಲ, ಮರಿಗಳೂ ಒಂದೇ ದಿನ ಹೊರಬರುವುದಿಲ್ಲ. ಒಂದೇ ಗೂಡಿನ ಹಿರಿ ಮರಿಗೂ ಕಿರಿ ಮರಿಗೂ ಒಂದು ವಾರಕ್ಕಿಂತ ಹೆಚ್ಚು ಅಂತರ ಇರುವುದುಂಟು. ಸರಿಯಾಗಿ ಗುಟುಕು ಸಿಗದ ಮರಿಯಂತೂ ವಯಸ್ಸಿಗೆ ತಕ್ಕಷ್ಟು ಬೆಳೆದಿರುವುದೇ ಇಲ್ಲ. ಸಣಕಲು ಮೈಯ ಮೇಲೆ ತಲೆ ಮಾತ್ರ ದೊಡ್ಡದಾಗಿ ಕಾಣುತ್ತದೆ. ನೋಡಬೇಕಾದದ್ದು ಕಣ್ಣು ಮತ್ತು ಗರಿ. ಕಾಕಟೀಲ್ ಮರಿ ಹುಟ್ಟುವಾಗ ಮೈಮೇಲೆ ಹಳದಿ ನವಿರು, ಕಣ್ಣು ಮುಚ್ಚಿರುತ್ತದೆ. ಸುಮಾರು ಒಂಬತ್ತು–ಹತ್ತನೇ ದಿನ ಕಣ್ಣು ಬಿಡಲು ಶುರುಮಾಡುತ್ತದೆ. ಆಮೇಲೆ ಕೊಳವೆಯಂಥ ಎಳೆಗರಿಗಳು ಎದ್ದು, ಮೂರನೇ ವಾರದ ಹೊತ್ತಿಗೆ ಮರಿ ಪುಟ್ಟ ಮುಳ್ಳುಹಂದಿಯಂತೆ ಕಾಣುತ್ತದೆ. ನಾಲ್ಕೈದು ವಾರಕ್ಕೆ ಗರಿಗಳು ಬಿಚ್ಚಿಕೊಂಡು ಮೈ ತುಂಬುತ್ತದೆ.

ಬಡ್ಜಿಯಲ್ಲಿ ಹಣೆಯನ್ನು ನೋಡಿ. ಎಳೆಯ ಹಕ್ಕಿಗೆ ತಲೆಯ ಮೇಲಿನ ಅಡ್ಡಗೆರೆಗಳು ಮೂಗಿನ ಬುಡದವರೆಗೂ ಬಂದಿರುತ್ತವೆ. ಮೂರು–ನಾಲ್ಕು ತಿಂಗಳಲ್ಲಿ ಮೊದಲ ಸಲ ಗರಿ ಉದುರಿಸಿದ ಮೇಲೆ ಹಣೆಯ ಗೆರೆಗಳು ಮಾಯವಾಗಿ ಅದು ಒಂದೇ ಬಣ್ಣಕ್ಕೆ ತಿರುಗುತ್ತದೆ. ಪೂರ್ತಿ ಕಪ್ಪಾಗಿದ್ದ ಕಣ್ಣಿನಲ್ಲಿ ಮುಂದಿನ ತಿಂಗಳುಗಳಲ್ಲಿ ಬಿಳಿ ಬಳೆ ಮೂಡುತ್ತದೆ. ಅಪ್ಪಟ ಹಳದಿ ಅಥವಾ ಬಿಳಿ ಬಣ್ಣದ ಬಡ್ಜಿಗಳಲ್ಲಿ ಮಾತ್ರ ಈ ಗೆರೆಗಳ ಲೆಕ್ಕ ನಡೆಯದು. ಹಕ್ಕಿ ಪೂರ್ತಿ ಬಲಿತ ಮೇಲೆ ಅದು ಒಂದು ವರ್ಷದ್ದೋ ಐದು ವರ್ಷದ್ದೋ ಎಂದು ಬರಿಗಣ್ಣಿನಿಂದ ಹೇಳುವ ದಾರಿಯಿಲ್ಲ. ಸಾಕಣೆದಾರರು ಮರಿಯ ಪಾದ ಚಿಕ್ಕದಿರುವಾಗಲೇ ತೊಡಿಸಿದ, ಇಸವಿ ಕೊರೆದ ಬೆಸುಗೆಯಿಲ್ಲದ ಕಾಲುಂಗುರ ಇದ್ದರೆ ಅದೊಂದೇ ಸಾಕ್ಷಿ.

ವಯಸ್ಸಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಷ್ಟು ಕಾವು, ಎಷ್ಟು ಹೊತ್ತಿಗೊಮ್ಮೆ ಆಹಾರ, ಎಷ್ಟು ತೆಳುವಾಗಿ ಎಂಬುದೆಲ್ಲ ವಯಸ್ಸಿನ ಮೇಲೇ ನಿಂತಿದೆ. ಆಗಷ್ಟೇ ಹುಟ್ಟಿದ ಮರಿಗೆ ಸುಮಾರು 36 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಗರಿ ತುಂಬಿದ ಮರಿಗೆ ಅದೇ ಕಾವು ಕೊಟ್ಟರೆ ಬಾಯಿ ತೆರೆದು ಏದುಸಿರು ಬಿಡುತ್ತದೆ.

ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಮರಿಗೆ ಒಳ್ಳೆಯದು ಎಂಬುದೂ ಸುಳ್ಳು. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಗಿಳಿಮರಿಗೆಂದೇ ತಯಾರಾದ ಪುಡಿಯನ್ನು ಬಿಸಿನೀರಲ್ಲಿ ಕಲಸಿ, 39ರಿಂದ 41 ಡಿಗ್ರಿಯಲ್ಲಿರುವಾಗ ಕೊಡಬೇಕು. ಬೆರಳಿಟ್ಟು ಅಂದಾಜು ಮಾಡಬೇಡಿ, ಥರ್ಮಾಮೀಟರ್ ಬಳಸಿ. ಹೆಚ್ಚು ಬಿಸಿಯಾದರೆ ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲ ಸುಡುತ್ತದೆ. ತಣ್ಣಗಿದ್ದರೆ ಆಹಾರ ಅಲ್ಲೇ ನಿಂತು ಹುಳಿಯುತ್ತದೆ. ಮೈಕ್ರೋವೇವ್‌ನಲ್ಲಿ ಕಾಯಿಸಿದ್ದು ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ಸುಡುಬಿಸಿಯಾಗಿರುತ್ತದೆ. ಮೇಲಿಂದ ಡ್ರಾಪರ್‌ನಲ್ಲಿ ನೀರು ಬಿಡುವುದಂತೂ ಬೇಡವೇ ಬೇಡ. ಬೇಕಾದ ನೀರು ಆಹಾರದಲ್ಲೇ ಇರುತ್ತದೆ, ಬಿಟ್ಟ ನೀರು ಶ್ವಾಸನಾಳಕ್ಕೆ ಇಳಿದರೆ ಮರಿ ಉಳಿಯುವುದು ಕಷ್ಟ.

ಮರಿ ಕಿರುಚಿದಾಗಲೆಲ್ಲ ಹಸಿದಿದೆ ಎಂದುಕೊಳ್ಳುವವರೂ ಬಹಳ. ಚಳಿಯಾದರೂ ಅದು ಕಿರುಚುತ್ತದೆ. ಮೇವಿನ ಚೀಲವನ್ನು ಹಗುರವಾಗಿ ಮುಟ್ಟಿ ನೋಡಿ. ತುಂಬಿದ್ದರೆ ಬೇಕಿರುವುದು ಆಹಾರವಲ್ಲ, ಕಾವು. ದಿನಕ್ಕೊಮ್ಮೆಯಾದರೂ, ಸಾಮಾನ್ಯವಾಗಿ ಬೆಳಗಿನ ಜಾವದ ಹೊತ್ತಿಗೆ, ಆ ಚೀಲ ಪೂರ್ತಿ ಖಾಲಿಯಾಗಬೇಕು. ಆಗದಿದ್ದರೆ ತಡಮಾಡದೆ ಪಶುವೈದ್ಯರ ಬಳಿ ಒಯ್ಯಿರಿ.

ಮೆಣಸಿನಕಾಯಿ ತಿನ್ನಿಸಿದರೆ ಮಾತು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹಕ್ಕಿಗಳಿಗೆ ಖಾರದ ಉರಿ ತಾಕುವುದಿಲ್ಲ, ಅದಕ್ಕೇ ತಿನ್ನುತ್ತವೆ, ಅಷ್ಟೆ.

ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂದು ನಂಬಿ, ಪೊಟರೆಯಿಂದ ಬಿದ್ದ ಹಸಿರು ಗಿಳಿಮರಿಯನ್ನು ಮನೆಗೆ ಹೊತ್ತು ತರುತ್ತಾರೆ. ಮುಟ್ಟಿದ್ದಕ್ಕಾಗಿ ತಾಯಿಗಿಳಿ ಮರಿಯನ್ನು ಬಿಟ್ಟುಹೋಗುವುದಿಲ್ಲ. ಗಾಯವಿಲ್ಲದಿದ್ದರೆ, ಕೈಗೆ ಎಟುಕುವಂತಿದ್ದರೆ, ಮರಳಿ ಪೊಟರೆಗೇ ಬಿಡಿ. ಆಗದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಇನ್ನು ಕಾಕಟೀಲನ್ನೋ ಬಡ್ಜಿಯನ್ನೋ ಕೊಳ್ಳುವವರು ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಮರಿ ತಾನಾಗಿ ಕಾಳು ಒಡೆದು ತಿನ್ನುವುದನ್ನು ಕಣ್ಣಾರೆ ನೋಡಿ, ಆಮೇಲೆ ಮನೆಗೆ ತನ್ನಿ. “ಸಿರಿಂಜ್ ಕೊಡುತ್ತೇವೆ, ಗುಟುಕು ಕೊಡುವುದು ಬಹಳ ಸುಲಭ” ಎಂದು ಯಾರಾದರೂ ಹೇಳಿದರೆ ಆ ಮರಿಯನ್ನು ಕೊಳ್ಳಬೇಡಿ.