ಕಾವಲುಗಾರನ ಕಣ್ಣು, ನೀರಗಂಟಿಯ ಸನಿಕೆ

ವಿಡಿಯೋ ಗೇಮ್ ತಯಾರಿಕೆಯ ಪದವಿಗೆ ಸೇರಿದವರಿಗೆ ಮೊದಲ ಸೆಮಿಸ್ಟರಿನಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಪಿಯುಸಿಯ ವೆಕ್ಟರ್ ಅಧ್ಯಾಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತು ಬಂದವರೇ ಅವರಲ್ಲಿ ಹೆಚ್ಚು. ಅವರಿಗೆ ಕೊಡುವ ಮೊದಲ ಲೆಕ್ಕ ಇದು: ಒಂದು ಕೋಟೆ, ಬಾಗಿಲಲ್ಲಿ ಒಬ್ಬ ಕಾವಲುಗಾರ, ಕತ್ತಲಲ್ಲಿ ನುಸುಳಿ ಬರುವ ಒಬ್ಬ ಕಳ್ಳ. ಕಾವಲುಗಾರನಿಗೆ ಕಳ್ಳ ಕಂಡನೋ ಇಲ್ಲವೋ ಎಂಬುದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ?

ಕಂಪ್ಯೂಟರಿನ ಬಳಿ ಇರುವುದು ಅಂಕಿಗಳು ಮಾತ್ರ. ಕಾವಲುಗಾರ ಮುಖ ಮಾಡಿ ನಿಂತ ದಿಕ್ಕು ಒಂದು ವೆಕ್ಟರ್. ಅವನಿಂದ ಕಳ್ಳನತ್ತ ಎಳೆದ ಗೆರೆ ಇನ್ನೊಂದು. ಎರಡರ ಉದ್ದವೂ 1 ಆಗುವಂತೆ ಮಾಡಿಕೊಂಡು ಡಾಟ್ ಪ್ರಾಡಕ್ಟ್ ತೆಗೆಯಿರಿ. ಕಳ್ಳ ನೇರ ಎದುರಿಗಿದ್ದರೆ ಉತ್ತರ 1, ಸರಿಯಾಗಿ ಪಕ್ಕದಲ್ಲಿದ್ದರೆ 0, ಬೆನ್ನ ಹಿಂದಿದ್ದರೆ -1. ಕಾವಲುಗಾರನ ನೋಟದ ಅಗಲ 120 ಡಿಗ್ರಿ ಎಂದಿಟ್ಟುಕೊಂಡರೆ, ಉತ್ತರ 0.5ನ್ನು ದಾಟಿದಾಗಲೆಲ್ಲ ಕಳ್ಳ ಅವನ ಕಣ್ಣಳತೆಯಲ್ಲಿದ್ದಾನೆ. ನಡುವೆ ಗೋಡೆ ಅಡ್ಡ ಬಂದಿದೆಯೇ ಎಂದು ನೋಡಲು ಮತ್ತೊಂದು ಲೆಕ್ಕ. ಎರಡು ವರ್ಷ ಹಿಂಸೆಯಾಗಿದ್ದ ಸೂತ್ರವೊಂದು ತೆರೆಯ ಮೇಲೆ ತಲೆ ತಿರುಗಿಸಿ ನೋಡುವ ಮನುಷ್ಯನಾಗುವಾಗ ಹಿಂದಿನ ಬೆಂಚಿನವರೂ ಎದ್ದು ಮುಂದಕ್ಕೆ ಬರುತ್ತಾರೆ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಇಂಥದ್ದನ್ನು ಕಂಡಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ತೊಡಕು ಎದುರಾಗುತ್ತದೆ. ಲೆಕ್ಕ ಸರಿಯಾಗಿದೆ, ಆದರೆ ಆಡಲು ಚೆನ್ನಾಗಿಲ್ಲ. ಕಳ್ಳನ ಮೂಗು ಇಣುಕಿದರೂ ಕಾವಲುಗಾರ ಕೂಗುತ್ತಾನೆ. ಆಡುವವನಿಗೆ ಇದು ಮೋಸ ಅನ್ನಿಸುತ್ತದೆ. ಹಾಗಾಗಿ ಕಂಡ ಮೇಲೂ ಕಾವಲುಗಾರನನ್ನು ಅರ್ಧ ಸೆಕೆಂಡು ಅನುಮಾನದಲ್ಲಿ ನಿಲ್ಲಿಸಬೇಕು. 2018ರಲ್ಲಿ ಬಂದ ‘ಸೆಲೆಸ್ಟ್’ ಎಂಬ ಬೆಟ್ಟ ಹತ್ತುವ ಆಟದಲ್ಲಿ ಬಂಡೆಯ ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಷ್ಟು ಹೊತ್ತು ನೀವು ಜಿಗಿಯಬಹುದು. ಭೌತಶಾಸ್ತ್ರದ ಪ್ರಕಾರ ಇದು ತಪ್ಪು. ಆದರೆ ಆಡುವವರಿಗೆ ಇದರ ಸುಳಿವೇ ಹತ್ತುವುದಿಲ್ಲ. ತಮ್ಮ ಬೆರಳು ಹೇಳಿದಂತೆ ಆಟ ಕೇಳುತ್ತಿದೆ ಎಂದಷ್ಟೇ ಅನ್ನಿಸುತ್ತದೆ. ಲೆಕ್ಕಕ್ಕೂ ಮನುಷ್ಯನ ಅನಿಸಿಕೆಗೂ ನಡುವಿನ ಈ ಸಣ್ಣ ಸಂದಿನಲ್ಲೇ ಈ ಓದಿನ ಜೀವ ಇರುವುದು.

ದಾಖಲಾತಿಯ ದಿನಗಳಲ್ಲಿ ತಂದೆತಾಯಿ ಬಂದು, “ಹೇಗೂ ಹಗಲೂ ರಾತ್ರಿ ಆಡ್ತಾನೆ ಮೇಡಂ, ಅದನ್ನೇ ಓದ್ಲಿ ಬಿಡಿ” ಅನ್ನುತ್ತಾರೆ. ಕೆಲವರು ದನಿ ತಗ್ಗಿಸಿ, ಇದು ರಮ್ಮಿ ಆ್ಯಪ್ ಮಾಡುವ ಓದೇ ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಈಗ ಕಾನೂನೇ ಉತ್ತರ ಕೊಟ್ಟಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಹಣದ ಪಣವಿಲ್ಲದ ಆಟಗಳನ್ನು ಬೇರೆಯಾಗಿಯೇ ಇಟ್ಟಿದೆ. ಮೊದಲನೆಯ ಮಾತಿಗೆ ನಾನು ಪ್ರತಿ ಸಲವೂ ಹೇಳುವುದು: ಆಡುವುದು ಚಟವಾದವನಿಗಿಂತ, ಬೇರೆಯವರು ಆಡುವುದನ್ನು ಪಕ್ಕದಲ್ಲಿ ಕೂತು ನೋಡುವ ತಾಳ್ಮೆ ಇದ್ದವನಿಗೆ ಈ ಓದು ಒಲಿಯುತ್ತದೆ.

ಕೋಲಾರ ಜಿಲ್ಲೆಯಿಂದ ಬಂದ ಒಬ್ಬ ಹುಡುಗಿಯ ತಂಡದ ಕೆಲಸ ನೋಡಿದರೆ ಇದು ಅರ್ಥವಾಗುತ್ತದೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ನಾಲ್ವರು ಸೇರಿ ನೀರಗಂಟಿಯ ಆಟ ಮಾಡಲು ಹೊರಟರು. ಕೆರೆಯ ತೂಬು ಎತ್ತಿ, ಸನಿಕೆ ಹಿಡಿದು ಮಡೆ ತಿರುಗಿಸಿ, ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಂಚುವವನು ನೀರಗಂಟಿ. ಆಡುವವರದು ಆ ಪಾತ್ರ. ಮೊದಲ ಯೋಜನೆಯಲ್ಲಿ ಮಳೆಗಾಲ, ಊರಹಬ್ಬ, ಮೀನಿನ ಹರಾಜು, ಪಂಚಾಯಿತಿ ಜಗಳ, ಸಂತೆ ಎಲ್ಲ ಇದ್ದವು. ಇಬ್ಬರು ಪ್ರೋಗ್ರಾಮರ್, ಒಬ್ಬ ಚಿತ್ರಕಾರ, ಒಬ್ಬಳು ಡಿಸೈನರ್ ಇರುವ ತಂಡ ಇದನ್ನೆಲ್ಲ ಒಂದು ಸೆಮಿಸ್ಟರಿನಲ್ಲಿ ಮುಗಿಸಲು ಸಾಧ್ಯವೇ ಇಲ್ಲ. ಕಿತ್ತುಹಾಕುವುದನ್ನು ಕಲಿಸುವುದೇ ಇಲ್ಲಿ ಮೇಷ್ಟ್ರ ದೊಡ್ಡ ಕೆಲಸ. ವಾರವಾರವೂ ಒಂದೊಂದು ಹೋಗಿ ಕೊನೆಗೆ ಉಳಿದದ್ದು ಒಂದು ತೂಬು, ಒಂದು ಕಾಲುವೆ, ಆರು ಗದ್ದೆ, ಸುಡುವ ಬಿಸಿಲು.

ಚಿತ್ರಕಾರ ಹುಡುಗ ಕೆರೆ ಏರಿಯ ಮಣ್ಣನ್ನು ಬಲು ಪ್ರೀತಿಯಿಂದ ಬಿಡಿಸಿದ್ದ. ಆದರೆ ಚಿತ್ರದ ಅಳತೆ 4096 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಕುಗ್ಗಿಸದೆ ಇಟ್ಟರೆ ಅದೊಂದೇ 64 ಎಂಬಿ ಮೆಮೊರಿ ತಿನ್ನುತ್ತದೆ. ಅದೇ ಚಿತ್ರ 1024ರ ಅಳತೆಗೆ ಇಳಿದರೆ 4 ಎಂಬಿ. ಅಗ್ಗದ ಫೋನಿನ ಸಣ್ಣ ಪರದೆಯಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಪ್ರೋಗ್ರಾಮರ್‌ಗಳಿಗೂ ಇಂಥದ್ದೇ ಪಾಠ ಕಾದಿತ್ತು. ಸೆಕೆಂಡಿಗೆ 60 ಚಿತ್ರ ತೋರಿಸಬೇಕೆಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡು. ಅಷ್ಟರೊಳಗೆ ನೀರು ಹರಿಯಬೇಕು, ಪೈರು ಬಾಡಬೇಕು, ಬೆರಳು ಒತ್ತಿದ್ದು ಗೊತ್ತಾಗಬೇಕು, ಎಲ್ಲವನ್ನೂ ಬಿಡಿಸಿಯೂ ಮುಗಿಸಬೇಕು. ಇವರ ನೀರಿನ ಲೆಕ್ಕವೊಂದೇ ಆ ಹೊತ್ತನ್ನೆಲ್ಲ ನುಂಗಿ ಫೋನು ಕಾದುಹೋಗುತ್ತಿತ್ತು. ನೀರಿನ ಲೆಕ್ಕವನ್ನು ಸೆಕೆಂಡಿಗೆ 10 ಸಲಕ್ಕೆ ಇಳಿಸಿ, ನಡುವಿನ ಚಲನೆಯನ್ನು ಕಣ್ಣಿಗೆ ನಯವಾಗಿ ಕಾಣುವಂತೆ ತುಂಬಿದರು. ಕಣ್ಣು ಒಪ್ಪಿತು, ಫೋನು ತಣ್ಣಗಾಯಿತು.

ಕನ್ನಡ ಬರೆಸುವುದೂ ಒಂದು ಕೆಲಸವೇ ಆಯಿತು. ಮೊದಲು ಹಿಡಿದ ಗೇಮ್ ಎಂಜಿನ್ನಿನಲ್ಲಿ, ಅಂದರೆ ಆಟ ಕಟ್ಟುವ ಸಾಫ್ಟ್‌ವೇರಿನಲ್ಲಿ, ‘ಅಚ್ಚುಕಟ್ಟು’ ಎಂದು ಟೈಪಿಸಿದರೆ ಒತ್ತಕ್ಷರಗಳು ಕೆಳಗೆ ಕೂರದೆ ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಂತವು. ಇಂಗ್ಲಿಷಿನಂತೆ ಅಕ್ಷರವನ್ನು ಒಂದರ ಮುಂದೊಂದು ಇಟ್ಟುಬಿಟ್ಟರೆ ಕನ್ನಡ ಆಗುವುದಿಲ್ಲ; ಯಾವ ಅಕ್ಷರದ ಕೆಳಗೆ ಯಾವುದು ಸೇರಬೇಕೆಂಬ ನಿಯಮ ಫಾಂಟಿನಲ್ಲಿ ಅಡಗಿರುತ್ತದೆ, ಅದನ್ನು ಓದಿ ಜೋಡಿಸುವ ವ್ಯವಸ್ಥೆ ಎಂಜಿನ್ನಿನಲ್ಲಿರಬೇಕು. ಉಚಿತವಾಗಿ ಸಿಗುವ ‘ಗೋಡೊ’ ಎಂಜಿನ್ನಿನ 4ನೇ ಆವೃತ್ತಿಯಲ್ಲಿ, ಅಂದರೆ 2023ರಲ್ಲಿ, ಅದು ಬಂದಿದೆ. ಹುಡುಗರು ಅದಕ್ಕೆ ಬದಲಾಯಿಸಿದರು. ಕನ್ನಡದ ಆಟಗಳು ಯಾಕಿಲ್ಲ ಎಂದು ಬೇಸರಪಡುವವರಿಗೆ ನಾನು ಈ ಸಂಗತಿ ಹೇಳುತ್ತೇನೆ. ಮನಸ್ಸಿನ ಜೊತೆಗೆ ಇಂಥ ಸಾಧನಗಳೂ ಬೇಕು.

ಇಷ್ಟಾದರೂ ಆಟ ಆಟವಾಗಿರಲಿಲ್ಲ. ಅದು ಆಟವಾದದ್ದು ಪ್ಲೇಟೆಸ್ಟ್‌ನಲ್ಲಿ. ನಿಯಮ ಸರಳ: ಆಟವನ್ನು ಎಂದೂ ನೋಡದವರ ಕೈಗೆ ಕೊಡಬೇಕು, ಮಾಡಿದವರು ಹಿಂದೆ ಕೂತು ಬರೆದುಕೊಳ್ಳಬೇಕು, ತುಟಿ ಬಿಚ್ಚಬಾರದು. “ಅಲ್ಲಿ ಒತ್ತಿ” ಎಂದು ಹೇಳಿಕೊಡಲು ನಾಲಿಗೆ ತುರಿಸುತ್ತದೆ. ಹೇಳಿದರೆ ಪರೀಕ್ಷೆ ಕೆಟ್ಟಿತು. ಆ ಹುಡುಗಿ ರಜೆಯಲ್ಲಿ ಊರಿಗೆ ಹೋದಾಗ ತಾತನಿಗೆ ಆಡಲು ಕೊಟ್ಟಳು. ಆಟದಲ್ಲಿ ಕೆರೆಗೆ ಹತ್ತಿರದ ಗದ್ದೆಯಿಂದ ಶುರುಮಾಡಿ ಒಂದೊಂದೇ ಮಡೆ ತೆಗೆಯಬೇಕಿತ್ತು. ತಾತ ಮತ್ತೆ ಮತ್ತೆ ಕೊನೆಯ ಗದ್ದೆಯನ್ನೇ ಒತ್ತುತ್ತಿದ್ದರು. ಆಟ ಒಪ್ಪಲಿಲ್ಲ. ಕೊನೆಗೆ ಫೋನು ಕೆಳಗಿಟ್ಟು ಅಂದರಂತೆ: “ನೀರು ಕಮ್ಮಿ ಇದ್ರೆ ಮೊದ್ಲು ಕೊನೆ ಗದ್ದೆಗೆ ಬಿಡ್ಬೇಕಮ್ಮ. ಮೇಲಿನೋನ್ಗೆ ಎಂಗೂ ಸಿಕ್ತದೆ.”

ಆ ಮಾತನ್ನು ಅವಳು ತರಗತಿಯಲ್ಲಿ ಓದಿದಾಗ ತಂಡದ ನಾಲ್ವರೂ ಎದ್ದು ಬೋರ್ಡಿನ ಹತ್ತಿರ ಹೋದರು. ಸರದಿಯ ನಿಯಮ ಬಿದ್ದುಹೋಯಿತು. ಯಾವ ಗದ್ದೆಗೆ ಮೊದಲು ಎಂಬ ಆಯ್ಕೆ ಆಡುವವರ ಕೈಗೆ ಬಂತು. ಬಾಲದ ಗದ್ದೆಗೆ ಬಿಡುವಾಗ ದಾರಿಯಲ್ಲಿ ನೀರು ಇಂಗುತ್ತದೆ, ಮೇಲಿನವನು ಕದ್ದು ಮಡೆ ಒಡೆಯುತ್ತಾನೆ, ಮೇಲಿನವನಿಗೇ ಮೊದಲು ಬಿಟ್ಟರೆ ಕೊನೆಯವನ ಪೈರು ಒಣಗುತ್ತದೆ. ಕಿತ್ತುಹಾಕಿದ್ದ ಪಂಚಾಯಿತಿ ಜಗಳ ತಾನಾಗಿಯೇ ಆಟದೊಳಕ್ಕೆ ಬಂದು ಕೂತಿತು, ಒಂದು ಸಾಲು ಸಂಭಾಷಣೆಯೂ ಇಲ್ಲದೆ. ಆಟವೆಂಬ ಮಾಧ್ಯಮದ ಶಕ್ತಿ ನನಗೆ ಇಷ್ಟು ಸ್ಪಷ್ಟವಾಗಿ ಕಂಡದ್ದು ಕಡಿಮೆ. ನೀರಿನ ನ್ಯಾಯವನ್ನು ಕತೆ ಹೇಳಬಹುದು, ಸಿನಿಮಾ ತೋರಿಸಬಹುದು. ಇಲ್ಲಿ ಸನಿಕೆ ನಿಮ್ಮ ಕೈಯಲ್ಲೇ ಇರುತ್ತದೆ.

ವಿದ್ಯಾರ್ಥಿಗಳ ಪ್ರಾಜೆಕ್ಟು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಜಗತ್ತು ಕಂಡ ಉದಾಹರಣೆಯೊಂದಿದೆ. ಅಮೆರಿಕದ ರೆಡ್ಮಂಡ್‌ನಲ್ಲಿರುವ ಡಿಜಿಪೆನ್ ಸಂಸ್ಥೆಯಲ್ಲಿ ಏಳು ವಿದ್ಯಾರ್ಥಿಗಳು 2005ರಲ್ಲಿ ‘ನಾರ್ಬ್ಯಾಕ್ಯುಲರ್ ಡ್ರಾಪ್’ ಎಂಬ ಆಟ ಹೊರತಂದರು. ಅದರ ರಾಜಕುಮಾರಿಗೆ ಜಿಗಿಯಲು ಬರುವುದಿಲ್ಲ. ಗೋಡೆಯಲ್ಲಿ ಒಂದು ಬಾಗಿಲು ತೆರೆದು, ಬೇರೆಡೆ ಇನ್ನೊಂದು ತೆರೆದು, ಒಂದರಿಂದ ಹೊಕ್ಕು ಮತ್ತೊಂದರಿಂದ ಹೊರಬರಬೇಕು. ಆ ಒಂದೇ ಉಪಾಯದ ಮೇಲೆ ಇಡೀ ಆಟ ನಿಂತಿತ್ತು. ಅದನ್ನು ನೋಡಿದ ವಾಲ್ವ್ ಎಂಬ ಗೇಮ್ ಕಂಪನಿ ತಂಡವನ್ನೇ ಕೆಲಸಕ್ಕೆ ಕರೆದುಕೊಂಡಿತು. 2007ರಲ್ಲಿ ಬಂದ ‘ಪೋರ್ಟಲ್’ ಅದರ ಬೆಳೆದ ರೂಪ. 2011ರ ‘ಪೋರ್ಟಲ್ 2’ರಲ್ಲಿ ನೆಲಕ್ಕೆ ಬಣ್ಣ ಬಳಿದು ಪುಟಿಯುವ, ಓಡುವ ತಂತ್ರ ಬಂದದ್ದೂ ಡಿಜಿಪೆನ್‌ನದೇ ಮತ್ತೊಂದು ವಿದ್ಯಾರ್ಥಿ ತಂಡದಿಂದ.

ಈ ಓದಿಗೆ ಪದವಿಯ ಮಾನ್ಯತೆ ಸಿಕ್ಕಿದ್ದು ತೀರ ಹಳೆಯ ಮಾತೇನಲ್ಲ. ಸ್ಕಾಟ್ಲೆಂಡಿನ ಡಂಡೀ ಊರಿನ ಅಬರ್ಟೇ ವಿಶ್ವವಿದ್ಯಾಲಯ 1997ರಲ್ಲಿ ಕಂಪ್ಯೂಟರ್ ಗೇಮ್ಸ್ ಪದವಿ ಶುರುಮಾಡಿತು. ಆ ಊರಿಗೆ ಕಂಪ್ಯೂಟರಿನ ನಂಟು ಹಳೆಯದು: ಅಲ್ಲಿನ ಟೈಮೆಕ್ಸ್ ಕಾರ್ಖಾನೆಯಲ್ಲಿ 80ರ ದಶಕದಲ್ಲಿ ‘ಸ್ಪೆಕ್ಟ್ರಮ್’ ಎಂಬ ಅಗ್ಗದ ಮನೆ ಕಂಪ್ಯೂಟರ್ ತಯಾರಾಗುತ್ತಿತ್ತು. ಅದೇ ಊರಿನ ಡಿಎಂಎ ಡಿಸೈನ್ ಕಂಪನಿ 1991ರಲ್ಲಿ ‘ಲೆಮ್ಮಿಂಗ್ಸ್’ ಆಟ ತಂದಿತು, 1997ರಲ್ಲಿ ಮೊದಲ ‘ಗ್ರ್ಯಾಂಡ್ ಥೆಫ್ಟ್ ಆಟೊ’ ತಂದಿತು. ಅದೇ 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಗೇಮ್ ಕಂಪನಿ ‘ಧ್ರುವ ಇಂಟರ‍್ಯಾಕ್ಟಿವ್’ ಕಟ್ಟಿದರು. ಡಂಡೀಯ ಕಂಪನಿ ಮುಂದೆ ರಾಕ್‌ಸ್ಟಾರ್ ನಾರ್ತ್ ಆಯಿತು. ಧ್ರುವ 2019ರಲ್ಲಿ ಅದೇ ರಾಕ್‌ಸ್ಟಾರ್ ಬಳಗಕ್ಕೆ ಸೇರಿತು. ಎಲ್ಲಿಯ ಡಂಡೀ, ಎಲ್ಲಿಯ ಬೆಂಗಳೂರು! ಆದರೆ ಡಂಡೀಯವರು ಕಂಪನಿಯ ಜೊತೆಗೇ ಪದವಿಯನ್ನೂ ಬೆಳೆಸಿದರು. ನಾವು ಬಹಳ ಕಾಲ ಪರದೇಶದ ಆಟಗಳಿಗೆ ಚಿತ್ರ ಬಿಡಿಸಿಕೊಡುವುದರಲ್ಲೇ ನಿಂತೆವು. ಆ ಕೆಲಸದ ಗುಣಮಟ್ಟದ ಬಗ್ಗೆ ನನಗೆ ಹೆಮ್ಮೆಯಿದೆ, ಆದರೆ ನಮ್ಮದೇ ಆಟ ಕಟ್ಟುವವರನ್ನು ತಯಾರಿಸಲು ತಡಮಾಡಿದೆವು ಎಂಬ ಕೊರಗೂ ಇದೆ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ತನ್ನ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಪದವಿ ನಡೆಸುತ್ತಿದೆ. ಆ್ಯನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲು ನೀತಿ ಮಾಡಿದ ರಾಜ್ಯ ಕರ್ನಾಟಕ, 2012ರಲ್ಲಿ. ಬಿಎಸ್ಸಿ, ಬಿಡಿಸೈನ್ ಹೆಸರಿನಲ್ಲಿ ಖಾಸಗಿ ಕಾಲೇಜುಗಳ ಕೋರ್ಸುಗಳೂ ಬಂದಿವೆ.

ಕೆಲಸದ ವಿಷಯ ಮುಚ್ಚಿಡಲಾರೆ. 2023ರಿಂದ ಜಗತ್ತಿನಾದ್ಯಂತ ಗೇಮ್ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿವೆ. ಹೊಸ ಕಾಯ್ದೆಯಿಂದ ಹಣದ ಆಟಗಳ ಕಂಪನಿಗಳಲ್ಲಿದ್ದ ನಮ್ಮವರೂ ಕೆಲಸ ಕಳೆದುಕೊಂಡಿದ್ದಾರೆ. ಪ್ರೋಗ್ರಾಮಿಂಗ್ ಗಟ್ಟಿಯಾಗಿ ಕಲಿತವರಿಗೆ ಬೇರೆ ಸಾಫ್ಟ್‌ವೇರ್ ಬಾಗಿಲುಗಳು ತೆರೆದಿರುತ್ತವೆ. ಡಿಸೈನರ್‌ಗಳ ದಾರಿ ಕಷ್ಟದ್ದು. ಅನೇಕರು ಆಟದ ತಪ್ಪು ಹುಡುಕುವ ಟೆಸ್ಟಿಂಗ್ ಕೆಲಸದಿಂದ ಶುರುಮಾಡುತ್ತಾರೆ. ಸಂದರ್ಶನದಲ್ಲಿ ಅಂಕಪಟ್ಟಿಗಿಂತ ಮೊದಲು ಕೇಳುವುದು ನೀವು ಮುಗಿಸಿದ ಆಟ ಎಲ್ಲಿ ಎಂದು.

ಸಾಫ್ಟ್‌ವೇರಿನ ಗುಂಡಿಗಳನ್ನು ಯೂಟ್ಯೂಬೂ ಕಲಿಸುತ್ತದೆ, ಅದಕ್ಕೆ ಲಕ್ಷಗಟ್ಟಲೆ ಶುಲ್ಕ ಕಟ್ಟಬೇಡಿ. ಕಾಲೇಜು ನೋಡಲು ಹೋದಾಗ ದೊಡ್ಡ ಪರದೆಯ ಲ್ಯಾಬು ತೋರಿಸುತ್ತಾರೆ. ನೋಡಿ, ಆಮೇಲೆ ಹಿಂದಿನ ವರ್ಷದವರು ಮಾಡಿದ ಆಟವನ್ನು ಕೈಗೆ ಕೊಡಿ ಎಂದು ಕೇಳಿ. ವಿಡಿಯೋ ತೋರಿಸಿದರೆ ಸಾಲದು, ನೀವೇ ಆಡಬೇಕು. ಚಿತ್ರಕಾರರು, ಪ್ರೋಗ್ರಾಮರ್‌ಗಳು, ಡಿಸೈನರ್‌ಗಳು ಒಂದೇ ತಂಡದಲ್ಲಿ ಕೆಲಸ ಮಾಡುತ್ತಾರೆಯೇ, ಬೇರೆ ಬೇರೆ ಕೊಠಡಿಗಳಲ್ಲೇ ಮೂರು ವರ್ಷ ಕಳೆಯುತ್ತಾರೆಯೇ ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ವಿಚಾರಿಸಿ. ಎರಡನೇ ಪಿಯುಸಿ ಮುಗಿಸಿದ ಮಗುವಿಗೆ ಬೇಸಿಗೆ ರಜೆ ಇದ್ದೇ ಇದೆ. ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲಿ ಗೋಡೊ ಹಾಕಿಕೊಟ್ಟು, ಒಂದೇ ಪರದೆಯ ಚಿಕ್ಕ ಆಟ ಮಾಡಲು ಹೇಳಿ. ಮುಗಿದ ಮೇಲೆ ನೀವು ಆಡಿ, ಅಜ್ಜಿಗೂ ಆಡಲು ಕೊಡಿ. ಅಜ್ಜಿ ತಡವರಿಸುವಾಗ ಲ್ಯಾಪ್‌ಟಾಪ್ ಕಿತ್ತುಕೊಳ್ಳದೆ, ಎಲ್ಲಿ ತಡವರಿಸಿದರೆಂದು ಆ ಮಗು ಬರೆದುಕೊಂಡರೆ, ಜೂನ್‌ನಲ್ಲಿ ಕಾಲೇಜಿಗೆ ಕರೆದುಕೊಂಡು ಬನ್ನಿ.