ಲೇಖನಿಯನ್ನೇ ನಂಬಿ ಬದುಕಿದವರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದಾಗ, ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯಲಿ, ನಾನು ಒಬ್ಬ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಬರೆಯುತ್ತೇನೆ ಎಂದೆ. ಉತ್ತರ ತಡವಾಗಿದೆ, ಪ್ರಶ್ನೆ ಕೇಳಿ ಸುಮಾರು 40 ವರ್ಷಗಳೇ ಆದವು.

ಹತ್ತನೆಯ ತರಗತಿಯ ಆ ಹುಡುಗ ಒಂದು ಸಂಜೆ ನನ್ನ ಕೊಠಡಿಗೆ ಬಂದು, ದಪ್ಪ ನೋಟುಬುಕ್ಕೊಂದನ್ನು ಮೇಜಿನ ಮೇಲಿಟ್ಟು, "ಮೇಷ್ಟ್ರೇ, ಕಾದಂಬರಿ ಬರೆದುಕೊಂಡೇ ಬದುಕಬಹುದೇ?" ಎಂದು ಕೇಳಿದ. "ಮೊದಲು ಹೊಟ್ಟೆಗೊಂದು ದಾರಿ ಮಾಡಿಕೊಳ್ಳಪ್ಪ, ಆಮೇಲೆ ಬರೆಯುವೆಯಂತೆ" ಎಂದೆ. ನೋಟುಬುಕ್ಕನ್ನು ಓದಿ ಕೊಡುತ್ತೇನೆಂದೂ ಹೇಳಿದೆ. ಅವನು ಮತ್ತೆ ಕೇಳಲಿಲ್ಲ. ನಾನೂ ಕರೆದು ಕೊಡಲಿಲ್ಲ.

ನನ್ನ ಮಾತಿಗೆ ಆಧಾರವಿಲ್ಲದಿರಲಿಲ್ಲ. ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಗಳಾಗಿದ್ದರು. ಕುವೆಂಪು ಹಾಗೂ ಭೈರಪ್ಪನವರು ಪ್ರಾಧ್ಯಾಪಕರಾಗಿದ್ದರು. ತಿಂಗಳ ಸಂಬಳ ಮನೆಯನ್ನು ನಡೆಸುತ್ತಿತ್ತು; ಬರವಣಿಗೆ ತನ್ನ ದಾರಿಯಲ್ಲಿ ನಡೆಯುತ್ತಿತ್ತು. ಸಂಬಳವಿಲ್ಲದೆ ಬರೆದವರ ಕಥೆಯೇ ಬೇರೆ.

ಹಾವೇರಿ ಸೀಮೆಯ ಗಳಗನಾಥರು (1869-1942) ಮಾಸ್ತರಿಕೆಯನ್ನು ಬಿಟ್ಟು ಕಾದಂಬರಿ ಬರೆಯಲು ನಿಂತವರು. ಬರೆದದ್ದಷ್ಟೇ ಅಲ್ಲ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಮುದ್ರಣಾಲಯವನ್ನು ನಡೆಸಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಮಾಡಿಸಿದರು. ಅವರಿಗೆ ಜ್ಞಾನಪೀಠ ಪ್ರಶಸ್ತಿ ಬಂದದ್ದು 1977ರಲ್ಲಿ. ಆಗ ಅವರ ವಯಸ್ಸು 75.

ಲೇಖನಿಯನ್ನೇ ಜೀವನೋಪಾಯವಾಗಿ ಮಾಡಿಕೊಂಡವರಲ್ಲಿ ಮೊದಲು ನೆನಪಾಗುವ ಹೆಸರು ಅ. ನ. ಕೃಷ್ಣರಾಯರದು (1908-1971). ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಅವರು ಬರೆದರು. 1960ರಲ್ಲಿ ಮಣಿಪಾಲದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಹೆಚ್ಚು ಬರೆದುದೇ ಅವರ ದೋಷವೆಂದು ಆಡಿಕೊಂಡವರೂ ಉಂಟು. ಆ ದೋಷದ ಮೂಲವನ್ನು ಲೆಕ್ಕ ಹಾಕಿದರೆ ತಿಳಿಯುತ್ತದೆ.

ಲೇಖಕನಿಗೆ ಸಲ್ಲುವ ಗೌರವಧನ ಸಾಮಾನ್ಯವಾಗಿ ಪುಸ್ತಕದ ಬೆಲೆಯಲ್ಲಿ ಶೇಕಡಾ 10ರ ಆಸುಪಾಸು. ನೂರು ರೂಪಾಯಿಯ ಪುಸ್ತಕದ ಸಾವಿರ ಪ್ರತಿ ಮೂರು ವರ್ಷದಲ್ಲಿ ಖರ್ಚಾದರೆ, ಲೇಖಕನಿಗೆ ಬರುವುದು ಹತ್ತು ಸಾವಿರ. ತಿಂಗಳಿಗೆ ಮುನ್ನೂರು ರೂಪಾಯಿಯೂ ಇಲ್ಲ. ಅಷ್ಟು ದಿನ ಕಾಯಲಾರದವನು ಹಕ್ಕನ್ನೇ ಒಂದು ಗಂಟಿಗೆ ಮಾರಿಬಿಡುತ್ತಾನೆ. ಆ ಹಣ ಕರಗುವುದರೊಳಗೆ ಇನ್ನೊಂದು ಕಾದಂಬರಿ ಸಿದ್ಧವಾಗಬೇಕು. ವಾರಪತ್ರಿಕೆಯ ಧಾರಾವಾಹಿಯಾದರೆ ಕೈಗೆ ಬೇಗ ಹಣ ಬರುತ್ತದೆ. ಆದರೆ ಜ್ವರವಿರಲಿ, ಮನೆಯಲ್ಲಿ ಮದುವೆಯಿರಲಿ, ಕಂತು ತಪ್ಪುವಂತಿಲ್ಲ.

ಇನ್ನು ಚಲನಚಿತ್ರ. ನಮ್ಮ ತಾಳವಾಡಿ ಸೀಮೆಯ ಗಾಜನೂರಿನಲ್ಲಿ ಹುಟ್ಟಿದ ಡಾ. ರಾಜ್‌ಕುಮಾರ್ ಅವರು ಅ.ನ.ಕೃ. ಅವರ 'ಸಂಧ್ಯಾರಾಗ'ದಲ್ಲಿ (1966), ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ 'ಬಂಗಾರದ ಮನುಷ್ಯ'ದಲ್ಲಿ (1972) ಅಭಿನಯಿಸಿದರು. ಪುಸ್ತಕ ಮುಟ್ಟದವರ ಬಾಯಲ್ಲಿಯೂ ಆ ಕಥೆಗಳು ನಿಂತವು. ಆದರೆ ಈ ಭಾಗ್ಯ ಸಕಾಲಕ್ಕೆ ಬರುತ್ತದೆಂಬ ಭರವಸೆಯಿಲ್ಲ. ಮೈಸೂರಿನ ತ್ರಿವೇಣಿಯವರು 1953ರಲ್ಲಿ 'ಅಪಸ್ವರ'ದಿಂದ ಆರಂಭಿಸಿ ಹತ್ತೇ ವರ್ಷಗಳಲ್ಲಿ ಸುಮಾರು 20 ಕಾದಂಬರಿಗಳನ್ನು ಬರೆದು, 1963ರಲ್ಲಿ ತಮ್ಮ 34ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ 'ಬೆಳ್ಳಿಮೋಡ' ತೆರೆಗೆ ಬಂದದ್ದು 1967ರಲ್ಲಿ, 'ಶರಪಂಜರ' 1971ರಲ್ಲಿ. ಎರಡನ್ನೂ ಅವರು ಕಾಣಲಿಲ್ಲ.

ಲೇಖಕನ ಮರಣದ ನಂತರವೂ 60 ವರ್ಷ ಗ್ರಂಥಸ್ವಾಮ್ಯ ಅವನ ವಾರಸುದಾರರಿಗೆ ಸಲ್ಲಬೇಕೆಂದು ನಮ್ಮ ದೇಶದ ಕಾನೂನು ಹೇಳುತ್ತದೆ. ಆದರೆ ಬದುಕಿದ್ದಾಗಲೇ ಹಕ್ಕನ್ನು ಮಾರಿಕೊಂಡವನ ಮಕ್ಕಳಿಗೆ ಅದರಿಂದ ಏನು ದಕ್ಕೀತು?

ಈಗ ನಮ್ಮ ಕಡೆಗೂ ಸ್ವಲ್ಪ ನೋಡಿಕೊಳ್ಳೋಣ. ದಿಂಬಂ ಎರಡು ನುಡಿಗಳ ನಡುವಿನ ಊರು. ಸತ್ಯಮಂಗಲದ ಕಡೆಯಿಂದ 27 ತಿರುವುಗಳನ್ನು ಹತ್ತಿ ತಮಿಳು ಪತ್ರಿಕೆಗಳು ಬರುತ್ತಿದ್ದವು. ಚಾಮರಾಜನಗರದ ಕಡೆಯ ಬಸ್ಸಿನಲ್ಲಿ ಕನ್ನಡದವು. ಯಾರಾದರೂ ಮೈಸೂರಿನಿಂದ ಒಂದು ಕಾದಂಬರಿ ತಂದರೆ ಅದು ಮನೆಯಿಂದ ಮನೆಗೆ ನಡೆದು, ರಟ್ಟು ಕಳಚಿ, ಕೊನೆಯ ಪುಟ ಹರಿದು ಹಿಂತಿರುಗುತ್ತಿತ್ತು. ಹತ್ತು ಮನೆಯವರು ಓದಿ ಕಣ್ಣೀರಿಟ್ಟರೂ ಲೇಖಕನಿಗೆ ಸಂದದ್ದು ಒಂದು ಪ್ರತಿಯ ಹಣ ಮಾತ್ರ. ನಮಗಿದ್ದ ಬಡತನದಲ್ಲಿ ಅದು ತಪ್ಪೆಂದು ನಾನು ಹೇಳಲಾರೆ. ಗಡಿಯ ಈಚೆಗೆ ಉಳಿದ ನಮ್ಮಂಥವರ ಮನೆಗಳಲ್ಲಿ ಕನ್ನಡ ಉಳಿದದ್ದು ಆ ಹರಿದ ಪುಸ್ತಕಗಳಿಂದಲೂ ಹೌದು. ಆದರೆ ಕಾದಂಬರಿಕಾರನ ಕೀರ್ತಿಯೂ ಬಡತನವೂ ಒಟ್ಟಿಗೆ ಬೆಳೆಯುವ ಬಗೆ ಇದೇ. ಓದುಗರು ಹತ್ತು ಸಾವಿರ. ಕೊಂಡವರು ಒಂದು ಸಾವಿರ.

ಹಾಗಾದರೆ ಆ ಹುಡುಗನಿಗೆ ನಾನು ಹೇಳಿದ್ದು ಸರಿಯೇ? ಹೊಟ್ಟೆಯ ಲೆಕ್ಕದಲ್ಲಿ ಸರಿ. ಆದರೆ ಗಳಗನಾಥರಿಗೆ, ಅ.ನ.ಕೃ. ಅವರಿಗೆ ನನ್ನಂಥ ಮೇಷ್ಟರೊಬ್ಬ ಸಿಕ್ಕು, ಅವರು ಆ ಮಾತು ಕೇಳಿದ್ದರೆ, ನಾವು ಓದಿ ಬೆಳೆದ ಪುಸ್ತಕಗಳೇ ಇರುತ್ತಿರಲಿಲ್ಲ. ನನ್ನ ತಪ್ಪು ಬುದ್ಧಿವಾದದಲ್ಲಿಲ್ಲ. ಅವನು ಬರೆದದ್ದನ್ನು ಓದದೆ ಬುದ್ಧಿ ಹೇಳಿದೆನಲ್ಲ, ಅದರಲ್ಲಿದೆ.

ನಿವೃತ್ತನಾದ ಮೇಲೆ ಟ್ರಂಕು ತೆಗೆದಾಗ ಆ ನೋಟುಬುಕ್ಕು ಸಿಕ್ಕಿತು. ಪೂರ್ತಿ ಓದಿದೆ. ಘಟ್ಟದ ತಿರುವಿನಲ್ಲಿ ಲಾರಿ ಹತ್ತದೆ ನಿಂತಾಗ ಇಳಿದು ಚಕ್ರಕ್ಕೆ ಕಲ್ಲು ಕೊಡುವ ಕ್ಲೀನರ್ ಹುಡುಗನ ಕಥೆ. ಕಾಗುಣಿತದ ತಪ್ಪುಗಳು ಬಹಳ ಇವೆ. ಆದರೆ ಆ ಘಟ್ಟದ ಮಂಜು, ಸುಟ್ಟ ಬ್ರೇಕಿನ ವಾಸನೆ, ಕಲ್ಲು ಹಿಡಿದ ಆ ಹುಡುಗನ ಭಯ, ಇವನ್ನು ನಾನು ಬೇರೆ ಯಾವ ಪುಸ್ತಕದಲ್ಲಿಯೂ ಓದಿಲ್ಲ. ಕಥೆ ಅರ್ಧಕ್ಕೆ ನಿಂತಿದೆ.

ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳೆಲ್ಲರ ಕೈ ಸೇರುವುದೆಂದು ಕೇಳಿದ್ದೇನೆ. ಅಪ್ಪಾ, ನೀನು ಇದನ್ನು ಓದಿದರೆ ಬಂದು ನಿನ್ನ ನೋಟುಬುಕ್ಕನ್ನು ತೆಗೆದುಕೊಂಡು ಹೋಗು. ಎಂ. ಕೆ. ಇಂದಿರಾ ಅವರು ಕಾದಂಬರಿ ಬರೆಯಲು ಕುಳಿತಾಗ ಅವರಿಗೆ 45 ದಾಟುತ್ತಿತ್ತು. ನಿನಗೂ ಕಾಲ ಮಿಂಚಿಲ್ಲ. ಉಳಿದವರಲ್ಲಿ ನನ್ನ ವಿನಂತಿ ಇಷ್ಟೆ: ವರ್ಷಕ್ಕೊಂದಾದರೂ ಕನ್ನಡ ಕಾದಂಬರಿಯನ್ನು ದುಡ್ಡು ಕೊಟ್ಟು ಕೊಳ್ಳಿರಿ, ಆಮೇಲೆ ಹತ್ತು ಮನೆಗೆ ಧಾರಾಳವಾಗಿ ಕೊಡಿರಿ. ನಮ್ಮ ಶಾಲೆಗೆ ಶುಭವಾಗಲಿ.